ನೀರಿನ ಹಿಂದಿನ ದೀಪ

“ನಾನು ಚುಕ್ಕಿಮನೆಗೆ ಬಂದು ಬಿದ್ದಿದ್ದು ಹಲ್ಲುನೋವಿನಿಂದ,” ಅಂದ ಬೇಕರಿಯವನು.

ಯಾರೋ ಕಿಸಕ್ಕೆಂದರು. ಬೇಕರಿಯವನ ಕೆಳಗಿದ್ದ ಪ್ಲಾಸ್ಟಿಕ್ ಕುರ್ಚಿಯೂ ಕಿರ್ ಅಂದಿತು. ಅವನು ಕೂತರೆ ಕುರ್ಚಿಗಳು ಹರಕೆ ಹೊತ್ತುಕೊಳ್ಳಬೇಕು, ಅಂಥ ಆಳು.

“ನಗಬೇಡಿ. ಹಲ್ಲಿನ ಡಾಕ್ಟರ ಹತ್ರ ಕಾಯ್ತಾ ಕೂತಿದ್ದೆ. ಕೆನ್ನೆ ನಮ್ಮಂಗಡಿ ಬನ್ ಥರ ಊದಿತ್ತು. ನೋವು ಮರೆಯೋಕೆ ಫೋನಲ್ಲಿ ಯಾವುದೋ ಅಡುಗೆ ವಿಡಿಯೋ ನೋಡ್ತಿದ್ದೆ. ಅದು ಮುಗಿದು ತಾನಾಗೇ ಇನ್ನೊಂದು ಶುರುವಾಯ್ತು. ಎರಡು ಕೈ, ಒಂದು ಕೀಬೋರ್ಡು. ‘ಇವತ್ತು ಈ ಬಾತುಕೋಳಿಗೆ ನಡೆಯೋದು ಕಲಿಸೋಣ’ ಅಂತ ಒಂದು ದನಿ. ಇಷ್ಟೇ ಇಷ್ಟು ಬಾತುಕೋಳಿ, ನಾಲ್ಕು ಚುಕ್ಕಿ ಇಟ್ಟರೆ ಮುಗೀತು. ಅದಕ್ಕೆ ಕಾಲು ಬರೋ ಹೊತ್ತಿಗೆ ನನ್ನ ಸರದಿ ಬಂದು, ಹೋಗಿ, ಡಾಕ್ಟರು ಊಟಕ್ಕೆ ಎದ್ದಿದ್ರು.”

“ಹಲ್ಲು?” ಕೇಳಿದರು ಲೆಕ್ಕದ ಟೀಚರ್.

“ಇನ್ನೂ ಬಾಯಲ್ಲೇ ಇದೆ ಮೇಡಂ.”

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಗುವುದು ಹೇಗೆಂದು ಮುಖಕ್ಕೆ ನೆನಪಿತ್ತು, ಒಳಗೆ ಏನೂ ಅಲುಗಲಿಲ್ಲ. ಕಾಲಿಗೆ ಜೋಮು ಹಿಡಿದಾಗ ಮೇಲೆ ಯಾರು ಹತ್ತಿ ನಿಂತರೂ ಗೊತ್ತಾಗುವುದಿಲ್ಲವಲ್ಲ, ಹಾಗೆ ಇಡೀ ಅವಳಿಗೇ ಜೋಮು ಹಿಡಿದಿತ್ತು.

ಹಿಂದಿನ ವಾರದ ಗುರುವಾರ ಸಂಜೆ ಅವಳ ಒಬ್ಬನೇ ತಮ್ಮ, ಹಳೇ ಯಂತ್ರಗಳಿಗೆ ಹೊಸ ಆಟ ಕಟ್ಟುತ್ತ ‘ಚುಕ್ಕಿಮನೆ’ ಎಂಬ ಚಾನೆಲ್ ನಡೆಸುತ್ತಿದ್ದವನು, ತನ್ನ ಮೂರನೇ ಮಹಡಿ ಮನೆಯ ಬಾಲ್ಕನಿಯಿಂದ ಬಿದ್ದು ಸತ್ತಿದ್ದ.

ತಾನಾಗಿ ಹಾರಿದ್ದಾನೆ ಅಂದರು ಪೊಲೀಸರು. ಬಾಗಿಲು ಮುರಿದಿಲ್ಲ, ಮೈಮೇಲೆ ಜಗಳದ ಗುರುತಿಲ್ಲ, ಇನ್ನೇನು ಬೇಕು. ನಾಳೆ ಸೋಮವಾರ ಫೈಲು ಮುಚ್ಚುತ್ತೇನೆ ಅಂತ ಇನ್‌ಸ್ಪೆಕ್ಟರು ಹೇಳಿಯೂ ಆಗಿತ್ತು.

ಆದರೆ ಅಕ್ಕ ಆ ಕೋಣೆಯನ್ನು ತನ್ನ ಕಣ್ಣಾರೆ ನೋಡಿದ್ದಳು. ಒಬ್ಬನೇ ಕೂತು ಆಡುವ ತಮ್ಮನ ಯಂತ್ರಕ್ಕೆ ಅವತ್ತು ಎರಡು ಜಾಯ್‌ಸ್ಟಿಕ್ ಸಿಕ್ಕಿಸಿದ್ದವು. ಯಂತ್ರದಲ್ಲಿ ಇರಬೇಕಾದ ಆಟದ ಕ್ಯಾಸೆಟ್ ಮಾತ್ರ ಇರಲಿಲ್ಲ. ಮೂರು ವರ್ಷ ಕೂತು ಕಟ್ಟಿದ ಆಟ, ಜಗತ್ತಿನಲ್ಲಿ ಇದ್ದದ್ದು ಅದೊಂದೇ ಕ್ಯಾಸೆಟ್.

ಮನೆಯಲ್ಲಿ ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಗುರುವಾರ ಬೆಳಿಗ್ಗೆ ಫೋನಿನಲ್ಲಿ ಮಗನಿಗೆ ಚೆನ್ನಾಗಿ ಬೈದಿದ್ದಳು: “ಇನ್ನೂ ಎಷ್ಟು ದಿನ ಗೊಂಬೆ ಕುಣಿಸ್ಕೊಂಡು ಕೂತಿರ್ತೀಯೋ?” ಅವನ ಸುದ್ದಿ ಬಂದ ಮೇಲೆ ಅವಳು ಆಡಿದ್ದು ಒಂದೇ ಮಾತು. “ನಾನೇ ತಳ್ಳಿದೆ ಕಣೇ.” ಅನ್ನ ಕಲಸಿ ಬಾಯಿಗಿಟ್ಟರೂ ನುಂಗುತ್ತಿರಲಿಲ್ಲ.

ಅಕ್ಕನಿಗೆ ಬೇಕಾಗಿದ್ದು ಇಷ್ಟೇ: ಆ ಎರಡನೇ ಜಾಯ್‌ಸ್ಟಿಕ್ ಯಾರ ಕೈಯಲ್ಲಿತ್ತು? ಅದು ಗೊತ್ತಾಗದಿದ್ದರೆ ಅಮ್ಮನೂ ಕೈತಪ್ಪಿ ಹೋಗುತ್ತಾಳೆ.

ಅವಳ ಕಸುಬೂ ಅಂಥದ್ದೇ. ವಿಮೆ ಕಂಪನಿಗೆ ತನಿಖೆ ಮಾಡುವವಳು. ಸುಟ್ಟುಹೋದ ಗೋಡೌನು, ಕಳುವಾದ ಕಾರು, ಜಾರಿ ಮುರಿದ ಸೊಂಟ, ಇವುಗಳಲ್ಲಿ ಯಾವುದು ನಿಜ, ಯಾವುದು ನಾಟಕ ಅಂತ ಹೇಳಬೇಕು. ಅಲ್ಲಿ ಕಲಿತದ್ದೊಂದು ಪಾಠವಿತ್ತು. ಆ ದಿನ ಎಲ್ಲಿದ್ದೆ ಅಂತ ಕೇಳಿದರೆ ಜನ ಸುಳ್ಳನ್ನು ಮೊದಲೇ ಹೊಲಿಸಿಟ್ಟುಕೊಂಡು ಬಂದಿರುತ್ತಾರೆ. ನಿಮಗೆ ಪರಿಚಯ ಹೇಗಾಯಿತು ಅಂತ ಕೇಳಿ ನೋಡಿ, ಅದಕ್ಕೆ ಯಾರೂ ತಯಾರಾಗಿರುವುದಿಲ್ಲ.

ಅದಕ್ಕೇ ಚಾನೆಲ್ಲಿನ ಹಳಬರನ್ನೆಲ್ಲ ಭಾನುವಾರ ಮಧ್ಯಾಹ್ನ, ಅವರಲ್ಲೇ ಒಬ್ಬರದಾದ ಈ ಟಿವಿ ರಿಪೇರಿ ಅಂಗಡಿಗೆ ಕರೆಸಿದ್ದಳು. ‘ಅವನು ನಿಮಗೆ ಹೇಗೆ ಸಿಕ್ಕ, ಒಬ್ಬೊಬ್ಬರೇ ಹೇಳಿ, ನಮ್ಮಮ್ಮನಿಗೆ ಹೋಗಿ ಹೇಳ್ತೀನಿ’ ಅಂದಿದ್ದಳು. ಅಮ್ಮನಿಗೆ ಹೇಳುವ ಮಾತಂತೂ ಸುಳ್ಳಲ್ಲ.

ಅವಳ ಮೇಲಧಿಕಾರಿ ಮಾತೆತ್ತಿದರೆ ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಿದ್ದರು. ಮೊದಲು ಹತ್ತಿರದವರನ್ನು ನೋಡು ಅಂತ. ಇಲ್ಲಿ ಹತ್ತಿರದವರೆಂದರೆ ಅಮ್ಮ ಮತ್ತು ತಾನು. ಅಲ್ಲಿ ನೋಡುವುದಕ್ಕೇನೂ ಇರಲಿಲ್ಲ.

ಗಂಡ ಅವಳನ್ನು ಇಲ್ಲಿ ಇಳಿಸಿ ಎದುರು ಬದಿಯಲ್ಲಿ ಕಾರು ನಿಲ್ಲಿಸಿಕೊಂಡಿದ್ದ. “ನೀನು ಹೋಗಿ ಬಾ, ನಾನು ಕಾರಲ್ಲೇ ಇರ್ತೀನಿ.” ಮದುವೆಯಾದಂದಿನಿಂದ ಅವನು ಕಾರಲ್ಲೇ ಇರುವವನು. ಅವನಿಗೂ ಅವಳ ತಮ್ಮನಿಗೂ ಎಣ್ಣೆ ಸೀಗೆಕಾಯಿ. ತಮ್ಮ ಆ ಮಹಡಿ ಮನೆಗೆ ಬಂದ ದಿನವೂ ಇವನು ಗೇಟಿನ ಹೊರಗೆ ಪೇಪರ್ ಓದುತ್ತ ಕೂತಿದ್ದ. “ಆ ಗೇಟನ್ನೇ ನಾನು ದಾಟಿಲ್ಲ ಸಾರ್,” ಅಂತ ಇನ್‌ಸ್ಪೆಕ್ಟರಿಗೂ ಹೇಳಿದ್ದ. ಅಕ್ಕ ಪಕ್ಕದಲ್ಲಿ ನಿಂತು ಹೌದು ಅಂತ ತಲೆಯಾಡಿಸಿದ್ದಳು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಸುಗೆಯ ವಾಸನೆ. ಸುತ್ತ ಗೋಡೆಗೆ ಒರಗಿಸಿದ ಡಬ್ಬಾ ಟಿವಿಗಳು, ಬೆನ್ನು ಬಿಚ್ಚಿಸಿಕೊಂಡು ಕೂತಿದ್ದವು. ಅವುಗಳ ನಡುವೆ ದುಂಡಗೆ ಕುರ್ಚಿ ಹಾಕಿ ಅಂಗಡಿಯ ಯಜಮಾನರು ಎಲ್ಲರಿಗೂ ಚಹಾ ಕೊಟ್ಟಿದ್ದರು. ಚಹಾ ಬಿಸಿ ಇತ್ತೋ ತಣ್ಣಗಿತ್ತೋ, ಅಕ್ಕನ ನಾಲಿಗೆಗೆ ಗೊತ್ತಾಗಲಿಲ್ಲ.

ಈಗ ಟೀಚರ ಸರದಿ.

“ನಾನು ಆಟ ಆಡೋಳೇ ಅಲ್ಲ,” ಅಂದರು. “ಮಕ್ಕಳಿಗೆ ಗುಣಾಕಾರ ತಲೆಗೆ ಹತ್ತುತ್ತಿರಲಿಲ್ಲ. ಸುಲಭ ಮಾಡೋದು ಹೇಗೆ ಅಂತ ಹುಡುಕ್ತಿದ್ದೆ, ಚುಕ್ಕಿಮನೆ ಬಂತು. ಈ ಹಳೇ ಯಂತ್ರಕ್ಕೆ ಗುಣಿಸೋಕೇ ಬರಲ್ಲ ಅಂದ. ದುಪ್ಪಟ್ಟು ಮಾಡೋದು, ಕೂಡಿಸೋದು, ಅಷ್ಟರಲ್ಲೇ ಆಟ ನಡೀಬೇಕು ಅಂದ. ಅಷ್ಟು ದೊಡ್ಡ ಡಬ್ಬಕ್ಕೆ ಮಗ್ಗಿ ಬರಲ್ವಲ್ಲ, ಪಾಪ ಅನ್ನಿಸಿಬಿಡ್ತು. ಕೆಳಗೆ ಹಾಗೇ ಬರೆದೆ. ‘ನನಗೂ ಬರ್ತಿರಲಿಲ್ಲ ಟೀಚರ್, ನಮ್ಮಕ್ಕ ಕಿವಿ ಹಿಂಡಿ ಕಲಿಸಿದ್ಲು’ ಅಂತ ಉತ್ತರ ಬಂತು.”

ಎಲ್ಲರ ಕಣ್ಣೂ ಅಕ್ಕನ ಕಡೆ ತಿರುಗಿದವು. ಅವಳು ಅಳಬೇಕಿತ್ತು. ಅಳು ಬರಲಿಲ್ಲ. ತಲೆ ಬಗ್ಗಿಸಿ ಗ್ಲಾಸಿನ ಅಂಚು ಒರೆಸಿದಳು.

“ನೀವ್ಯಾರೂ ಅವನನ್ನ ಎದುರಿಗೆ ನೋಡೇ ಇಲ್ವಾ?” ಅಂತ ಕೇಳಿದಳು.

“ಎಲ್ಲಿ ಅಕ್ಕ,” ಅಂದ ಬೇಕರಿಯವನು. “ಮುಖವೇ ತೋರಿಸ್ತಿರಲಿಲ್ಲ. ಕೇಕು ಕಳಿಸ್ತೀನಿ, ಅಡ್ರೆಸ್ ಕೊಡಪ್ಪ ಅಂದ್ರೆ, ನನ್ನ ಪಾಲು ನೀವೇ ತಿನ್ನಿ ಅಂತಿದ್ದ. ಅದರ ಫಲ ನೋಡಿ.” ಹೊಟ್ಟೆ ಸವರಿಕೊಂಡ. ಉಳಿದವರೂ ಇಲ್ಲ, ಇಲ್ಲ ಅಂದರು.

ಕೊನೆಯಲ್ಲಿ ಕೂತವನ ಸರದಿ ಬಂತು. ಚಾನೆಲ್ಲಿನಲ್ಲಿ ಅವನ ಹೆಸರು ‘ಮೂರುಜೀವ’. ತೆಳ್ಳಗಿನ ಆಸಾಮಿ, ಇಸ್ತ್ರಿ ಮಾಡಿದ ನೀಲಿ ಶರ್ಟು, ಮದುವೆಗೆ ಬಂದವನ ಹಾಗೆ ತಲೆ ಬಾಚಿದ್ದ.

“ನಂದೇನು ದೊಡ್ಡ ಕಥೆ ಅಲ್ಲ. ಬಸ್ಸಲ್ಲಿ ಪಕ್ಕದವರು ಫೋನು ನೋಡ್ತಿದ್ರು, ನಾನು ಇಣುಕಿದೆ. ಆ ಜಲಪಾತದ ವಿಡಿಯೋ. ಮೇಲಿಂದ ನೀರು ಬೀಳ್ತಿರುತ್ತೆ, ತೆಳ್ಳಗೆ, ಮಲ್ಲು ಬಟ್ಟೆ ಥರ. ಅದರ ಹಿಂದೆ ಗುಹೆ, ಗುಹೆಯೊಳಗೆ ಒಂದು ದೀಪ ಉರೀತಿರುತ್ತಲ್ಲ. ಇರೋ ನಾಲ್ಕು ಬಣ್ಣದಲ್ಲಿ ನೀರಿನ ಹಿಂದೆ ದೀಪ ಹೇಗಪ್ಪ ಇಟ್ಟ ಇವನು ಅಂತ ತಲೆ ಕೆಟ್ಟೋಯ್ತು. ನಾನು ಇಳಿಯೋ ಜಾಗವೇ ದಾಟಿಹೋಗಿತ್ತು.”

“ನನ್ನ ಕಣ್ಣಿಗೆ ದೀಪ ಬೀಳ್ಲೇ ಇಲ್ಲಪ್ಪ,” ಅಂದ ಬೇಕರಿಯವನು. “ಕನ್ನಡಕ ಬದಲಾಯಿಸ್ಬೇಕು.”

ಮಾತು ಮುಂದೆ ಹೋಯಿತು. ಅಕ್ಕನ ಮನಸ್ಸು ಅಲ್ಲೇ ನಿಂತಿತು.

ಆ ವಿಡಿಯೋ ಅವಳಿಗೆ ಬಾಯಿಪಾಠ. ಅಮ್ಮನ ಮಂಚದ ಪಕ್ಕ ಕೂತು ಅದನ್ನೇ ಮತ್ತೆ ಮತ್ತೆ ನೋಡಿದ್ದಳು, ತಮ್ಮನ ದನಿಗಾಗಿ. ಅದರಲ್ಲಿ ನೀರೇ ಇಲ್ಲ.

‘ನೋಡಿ, ನಿಮಗೆ ಇಲ್ಲಿ ಬರೀ ಕಂಬಿ ಕಾಣ್ತಿದೆ, ಜೈಲಿನ ಥರ,’ ಅನ್ನುತ್ತಾನೆ ಅವನು. ‘ವಿಡಿಯೋಗೆ ಅಂತ ಯಂತ್ರದಿಂದ ನೇರವಾಗಿ ಚಿತ್ರ ತಗೊಂಡಿದ್ದೀನಿ, ಅದಕ್ಕೇ ಒಂದೊಂದು ಗೆರೆನೂ ಬೇರೆ ಬೇರೆ. ನನ್ನ ಡಬ್ಬಾ ಟಿವಿಗೆ ಅಷ್ಟೆಲ್ಲ ಜಾಣತನ ಇಲ್ಲ, ಪಕ್ಕಪಕ್ಕದ ಗೆರೆನ ಕಲಸಿಬಿಡುತ್ತೆ. ಕ್ಯಾಮೆರಾ ಹಿಡಿದು ತೋರಿಸೋಣ ಅಂದ್ರೆ ಬರೀ ಮಿಣಮಿಣ ಅನ್ನುತ್ತೆ. ಇಲ್ಲಿ ನನ್ನ ಪಕ್ಕ ಕೂತು ನೋಡಿದ್ರೆ ಇದು ನೀರು. ನಂಬಿ.’

ಫೋನಿನಲ್ಲಿ ನೋಡಲಿ, ಬಸ್ಸಿನಲ್ಲಿ ನೋಡಲಿ, ಕಂಬಿ ಕಂಬಿಯೇ. ಆ ಜಲಪಾತ ಇದ್ದದ್ದು ಕಳೆದುಹೋದ ಕ್ಯಾಸೆಟ್ಟಿನ ಆಟದಲ್ಲಿ, ಅದು ಆ ಕೋಣೆ ಬಿಟ್ಟು ಹೊರಗೆ ಹೋದದ್ದಿಲ್ಲ. ನೀರನ್ನು ನೀರಾಗಿ ಕಂಡವನು ತಮ್ಮನ ಪಕ್ಕದಲ್ಲಿ, ಆ ಟಿವಿಯ ಮುಂದೆ ಕೂತಿರಲೇಬೇಕು.

ಇದು ಹಳೇ ಆಟದ ಹುಚ್ಚಿನವನು ಮಾತ್ರ ಮಾಡುವ ತಪ್ಪು. ಸರಿಯಾದ ಟಿವಿಯಲ್ಲಿ ಒಂದು ಸಲ ನೋಡಿದ ಮೇಲೆ, ಬೇರೆ ಕಡೆ ನೋಡಿದ್ದನ್ನು ಅವನ ಕಣ್ಣು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಕಂಬಿಗಳನ್ನು ಅವನು ಮರೆತೇಬಿಟ್ಟಿದ್ದ.

ಅಕ್ಕ ಖಾಲಿ ಗ್ಲಾಸುಗಳನ್ನು ತಟ್ಟೆಗೆ ಜೋಡಿಸಿದಳು. “ತೊಳೆಯೋಕೆ ಸ್ವಲ್ಪ ಕೈ ಕೊಡ್ತೀರಾ?” ಅಂತ ನೀಲಿ ಶರ್ಟಿನವನನ್ನು ಕೇಳಿದಳು.

ಹಿತ್ತಲಲ್ಲಿ ಒಂದು ನಲ್ಲಿ, ಒಂದು ಕಲ್ಲು, ಒಳಗೆ ಏನೂ ಉಳಿಯದ ಟಿವಿ ಡಬ್ಬಗಳ ರಾಶಿ. ಅವನು ತೊಳೆದ, ಅವಳು ಒರೆಸಿದಳು. ಅವನ ಉಗುರಿನ ಸಂದಿಯಲ್ಲಿ ಸೋಪಿಗೆ ಬಗ್ಗದ ಗ್ರೀಸು.

“ಆ ಬಸ್ಸಲ್ಲಿ ಟಿವಿ ಇತ್ತಾ?” ಅಂತ ಕೇಳಿದಳು.

“ಬಸ್ಸಲ್ಲಿ ಎಲ್ಲಿಯ ಟಿವಿ ಅಕ್ಕ.” ನಕ್ಕ.

“ಮತ್ತೆ ನೀರು ಹೇಗೆ ಕಾಣಿಸ್ತು? ನಾನು ನೋಡಿದಾಗೆಲ್ಲ ಕಂಬಿಯೇ ಕಂಡಿದ್ದು. ದೀಪ ಇದೆ ಅಂತ ಇವತ್ತೇ ಗೊತ್ತಾಗಿದ್ದು.”

ಅವನ ಕೈ ನಿಂತಿತು. ನೀರು ಗ್ಲಾಸು ತುಂಬಿ ಮಣಿಕಟ್ಟಿನ ಮೇಲೆ ಇಳಿಯಿತು.

“ನಾನು ಅವನಿಗೆ ಏನೂ ಮಾಡಿಲ್ಲ ಅಕ್ಕ.”

“ಮಾಡಿದೀರಿ ಅಂತ ನಾನು ಹೇಳ್ಲಿಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವಳು ದಿನಾ ನೋಡುತ್ತಿದ್ದಳು. ಸಾಮಾನ್ಯವಾಗಿ ಈ ಹೊತ್ತಿಗೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಇವತ್ತು ಅದೂ ಇಲ್ಲ. ನಲ್ಲಿ ನಿಲ್ಲಿಸಿದಳು.

“ನಾಳೆ ಫೈಲು ಮುಚ್ತಾರೆ. ನಮ್ಮಮ್ಮ ತಾನೇ ಮಗನನ್ನ ಕೊಂದೆ ಅಂದ್ಕೊಂಡು ಅನ್ನ ಬಿಟ್ಟಿದ್ದಾಳೆ. ನೀನು ಕಳ್ಳನೋ ಸುಳ್ಳನೋ ನನಗೆ ಬೇಡ. ಗೊತ್ತಿರೋದು ಹೇಳು.”

‘ನೀವು’ ಯಾವಾಗ ‘ನೀನು’ ಆಯಿತೋ ಅವಳಿಗೂ ತಿಳಿಯಲಿಲ್ಲ. ಅವನು ತೊಳೆಯುವ ಕಲ್ಲಿನ ಅಂಚಿಗೆ ಕೂತುಬಿಟ್ಟ.

“ನಾನು ಲಿಫ್ಟ್ ರಿಪೇರಿ ಮಾಡೋನು. ಅವನ ಬಿಲ್ಡಿಂಗಿನ ಲಿಫ್ಟು ನೋಡ್ಕೊಳ್ಳೋದು ನಾನೇ. ಹೋದ ವರ್ಷ ಮೂರನೇ ಮಹಡೀಲಿ ಕೆಲಸ ಮಾಡ್ತಿದ್ದೆ, ಒಂದು ಬಾಗಿಲ ಹಿಂದಿಂದ ಬಾತುಕೋಳಿ ಆಟದ ರಾಗ ಕೇಳಿಸ್ತು. ಅದೂ ನಿಂತು ನಿಂತು, ತಪ್ಪು ತಪ್ಪಾಗಿ. ತಪ್ಪು ನುಡಿಸಿ ತಿದ್ದೋನು ಆಟ ಕಟ್ಟಿದವನೇ ಆಗಿರ್ಬೇಕಲ್ಲ. ಬಡಿದೆ. ತೆಗೆದ.”

“ಆಮೇಲೆ?”

“ಯಾರಿಗೂ ಹೇಳ್ಬಾರದು ಅಂತ ಮಾತು ತಗೊಂಡ. ಒಬ್ಬರಿಗೆ ಗೊತ್ತಾದ್ರೆ ಬೇಕರಿಯವರು ಕೇಕು ಹೊತ್ಕೊಂಡು ಬಂದೇಬಿಡ್ತಾರೆ ಅಂದ. ಆಮೇಲೆ ಆ ಲಿಫ್ಟು ಬಹಳ ಸಲ ಕೆಡೋಕೆ ಶುರುವಾಯ್ತು.” ನೆಲ ನೋಡಿದ. “ಅದು ನಿಜವಾಗಿ ಕೆಟ್ಟಿದ್ದು ಕಮ್ಮಿ. ಕಂಪನಿಗೆ ಗೊತ್ತಾದ್ರೆ ನನ್ನ ಕೆಲಸ ಅವತ್ತೇ ಹೋಗುತ್ತೆ. ಅದಕ್ಕೇ ಪೊಲೀಸರ ಹತ್ರ ಹೋಗ್ಲಿಲ್ಲ.”

“ಕ್ಯಾಸೆಟ್?”

“ನನ್ನ ಹತ್ರ ಇಲ್ಲ ಅಕ್ಕ. ಇದ್ದಿದ್ರೆ ಮೊದಲು ನಿಮಗೆ ತಂದು ಕೊಡ್ತಿದ್ದೆ.” ತಲೆಯೆತ್ತಿದ. “ಆ ದೀಪ ಹಿಡಿದಿರೋದು ಯಾರು ಗೊತ್ತಾ ನಿಮಗೆ? ಒಂದು ಹುಡುಗಿ, ಎರಡು ಜಡೆ. ‘ನಮ್ಮಕ್ಕ ಅದು. ಕರೆಂಟು ಹೋದ್ರೆ ಮೆಟ್ಟಿಲ ಮೇಲೆ ದೀಪ ಹಿಡ್ಕೊಂಡು ನಿಂತಿರ್ತಿದ್ಲು, ನಾನು ಆಟ ಬಿಟ್ಟು ಮನೆಗೆ ಬರೋ ತನಕ’ ಅಂತಿದ್ದ. ಅವಳನ್ನ ಹೋಗಿ ಮುಟ್ಟಿದ್ರೆ ಆಟ ಮುಗೀತು.”

ಅಕ್ಕ ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟಳು. ಆ ಮೆಟ್ಟಿಲು, ಆ ಎಣ್ಣೆ ವಾಸನೆ, ಮಂಡಿ ತರಚಿಕೊಂಡು ಓಡಿ ಬರುತ್ತಿದ್ದವನು, ಎಲ್ಲ ನೆನಪಾಯಿತು. ಇದಕ್ಕೆ ಆಮೇಲೆ ಅಳಬೇಕು ಅಂದುಕೊಂಡು, ಅದನ್ನು ಹಾಗೇ ಪಕ್ಕಕ್ಕೆ ಸರಿಸಿದಳು.

“ಗುರುವಾರ ಅಲ್ಲಿದ್ಯಾ?”

“ಮಧ್ಯಾಹ್ನ ಹೋಗಿದ್ದೆ. ಲಿಫ್ಟು ನಿಲ್ಲಿಸಿ, ಸ್ವಿಚ್ಚಿನ ಪೆಟ್ಟಿಗೇಲಿ ತಲೆ ತೂರಿಸ್ಕೊಂಡು ಸುಮಾರು ಹೊತ್ತು ಕೆಲಸ ಮಾಡ್ದೆ. ಜನ ಎಲ್ಲ ಮೆಟ್ಟಿಲು ಹತ್ಕೊಂಡು, ನನ್ನನ್ನ ಬೈಕೊಂಡು ಓಡಾಡ್ತಿದ್ರು. ಯಾರ ಮುಖನೂ ನೋಡ್ಲಿಲ್ಲ. ಕೆಲಸ ಮುಗಿಸಿ ಅವನ ಬಾಗಿಲಿಗೆ ಬಂದು ಬಡಿಯೋಕೆ ಕೈ ಎತ್ತಿದೆ, ಒಳಗೆ ನಗು. ಅವನು ಅಷ್ಟು ಜೋರಾಗಿ ನಗೋದು ನಾನು ಕೇಳೇ ಇರ್ಲಿಲ್ಲ.”

“ನಗ್ತಿದ್ನಾ?”

“ಹೊಟ್ಟೆ ಹಿಡ್ಕೊಂಡು ನಗೋ ನಗು ಅಕ್ಕ.”

ಬೆಳಿಗ್ಗೆ ಅಮ್ಮ ಬೈದದ್ದು. ಮಧ್ಯಾಹ್ನ ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಮ್ಮನ ಬೈಗುಳ ಅವನಿಗೆ ತಾಗಿಯೇ ಇರಲಿಲ್ಲ. ಈ ಒಂದು ಮಾತನ್ನು ಮನೆಗೆ ಒಯ್ದು ಅಮ್ಮನ ಕಿವಿಗೆ ಹಾಕಿದರೆ ಸಾಕು. ಎಷ್ಟೋ ದಿನಕ್ಕೆ ಅಕ್ಕನಿಗೆ ಸ್ವಲ್ಪ ಉಸಿರು ಬಂದ ಹಾಗಾಯಿತು.

“ಮತ್ತೆ ಯಾಕೆ ಬಡೀಲಿಲ್ಲ?”

“ಮನೆಯವರು ಬಂದಿದ್ರಲ್ಲ. ನಡುವೆ ನಾನ್ಯಾಕೆ ಅಂತ ಇಳಿದು ಹೋದೆ.”

“ಮನೆಯವರು ಅಂತ ಹೇಗೆ ಗೊತ್ತಾಯ್ತು?”

“ಅವನೇ ಕೂಗ್ತಿದ್ನಲ್ಲ. ‘ಭಾವ, ಈಗ ಹಾರಿ, ಈಗ ಹಾರಿ’ ಅಂತ. ಜಲಪಾತದ ಹತ್ರ ಬಂದಿದ್ರು ಅನ್ಸುತ್ತೆ. ಅಲ್ಲಿ ಇಬ್ಬರೂ ಒಟ್ಟಿಗೇ ಹಾರ್ಬೇಕು.”

ಅಕ್ಕ ಒರೆಸಿದ ಗ್ಲಾಸನ್ನೇ ಎತ್ತಿ ಮತ್ತೆ ಒರೆಸಿದಳು.

ಅವನಿಗೆ ಇದ್ದವಳು ಒಬ್ಬಳೇ ಅಕ್ಕ. ಕಂಡಕಂಡವರನ್ನು ಭಾವ ಅನ್ನುವ ಅಭ್ಯಾಸ ಅವನಿಗಿರಲಿಲ್ಲ. ಇವನು ಕೇಳಿಸಿಕೊಂಡದ್ದರಲ್ಲಿ ತಪ್ಪಿರಬಹುದು, ದಿನ ತಪ್ಪಿರಬಹುದು, ತಮಾಷೆಗೆ ಯಾರನ್ನೋ ಹಾಗೆ ಕರೆದಿರಬಹುದು. ಅವಳ ಮೇಜಿನ ಎದುರು ಕೂತವರು ಹೀಗೇ ಒಂದರ ಮೇಲೊಂದು ಕಾರಣ ಪೇರಿಸುತ್ತಿದ್ದರು. ಎಷ್ಟು ಪೇರಿಸಿದರೂ ನಿಲ್ಲುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

“ಆ ಇನ್ನೊಬ್ಬರು ಏನಾದ್ರೂ ಮಾತಾಡಿದ್ರಾ?” ದನಿ ಮಾಮೂಲಾಗಿಯೇ ಬಂತು.

“ಒಂದೇ ಮಾತು. ‘ತಾಳಪ್ಪ, ತಾಳು’ ಅಂದ್ರು. ಆಟ ಹೊಸದಲ್ವಾ, ಕೈ ಓಡ್ತಿರಲಿಲ್ಲವೇನೋ. ಆ ದನಿ ಮತ್ತೆ ಕೇಳಿದ್ರೆ ಗುರುತು ಹಿಡೀತೀನಿ.”

“ನಾಳೆ ಬೆಳಿಗ್ಗೆ ನನ್ನ ಜೊತೆ ಸ್ಟೇಷನ್ನಿಗೆ ಬಂದು ಇದನ್ನೇ ಹೇಳ್ತೀಯಾ?”

“ಕೆಲಸ ಹೋಗುತ್ತೆ ಅಕ್ಕ.” ಬೆರಳಿನ ಗ್ರೀಸನ್ನು ಉಜ್ಜಿಕೊಂಡ. “ಬರ್ತೀನಿ.”

ಒಳಗೆ ಬೇಕರಿಯವನು ಎಲ್ಲರಿಗೂ ಕೇಕು ಹಂಚುತ್ತಿದ್ದ. ಅಕ್ಕ ಒಂದು ತುಂಡು ತಗೊಂಡು ಬಾಯಿಗೆ ಹಾಕಿಕೊಂಡಳು, ಚೆನ್ನಾಗಿದೆ ಅಂದಳು, ಟೀಚರಿಗೆ ಕೈ ಮುಗಿದಳು. ಅಂಗಡಿಯ ಗಾಜಿನ ಬಾಗಿಲ ತನಕ ನೀಲಿ ಶರ್ಟಿನವನೇ ಬಿಡಲು ಬಂದ.

ರಸ್ತೆ ದಾಟಿದ್ದು ಹೇಗೋ. ಗಂಡ ಒಳಗಿನಿಂದಲೇ ಕೈ ಚಾಚಿ ಬಾಗಿಲು ತೆಗೆದ.

“ಏನಾದ್ರೂ ಗೊತ್ತಾಯ್ತಾ?”

“ಇಲ್ಲ. ಬಂದೋರೆಲ್ಲ ಅವರವರ ಕಥೆ ಹೇಳ್ಕೊಂಡ್ರು.”

“ನಾನು ಮೊದಲೇ ಹೇಳಿರ್ಲಿಲ್ವಾ?” ಮೆತ್ತಗೆ ಅವಳ ಮೊಣಕಾಲು ತಟ್ಟಿದ. “ಸುಮ್ನೆ ಯಾಕೆ ಕೆದಕ್ತೀಯ. ನಾಳೆ ಮುಗಿದುಹೋಗ್ಲಿ. ಅಮ್ಮನಿಗೂ ಸಮಾಧಾನ ಆಗುತ್ತೆ.”

ಅವಳು ಬೆಲ್ಟು ಎಳೆದುಕೊಂಡಳು. ಹತ್ತು ವರ್ಷ ಕೇಳಿದ ದನಿ ಅದು. ಅದರಲ್ಲಿ ಎಲ್ಲೂ ಏನೂ ಬದಲಾಗಿರಲಿಲ್ಲ. ಇವರು ಗೇಟು ದಾಟಿದವರೇ ಅಲ್ಲ ಅಂತ ಅವಳ ಮನಸ್ಸು ಇನ್ನೂ ವಾದ ಮಾಡುತ್ತಿತ್ತು.

ಗಂಡ ಕಾರು ಹೊರಡಿಸಲು ಕೀಲಿಗೆ ಕೈ ಹಾಕಿದವನು, ಅಂಗಡಿಯ ಕಡೆ ನೋಡಿ ಹುಬ್ಬು ಗಂಟಿಕ್ಕಿದ.

“ಅಲ್ಲಿ ಬಾಗಿಲಲ್ಲಿ ನಿಂತಿದಾನಲ್ಲ, ಆ ನೀಲಿ ಶರ್ಟಿನವನು. ಅವನು ಆ ಲಿಫ್ಟ್ ರಿಪೇರಿಯವನಲ್ವಾ? ಅವನಿಗೇನು ಕೆಲಸ ಇಲ್ಲಿ?”

ಲಿಫ್ಟು ಇರುವುದು ಗೇಟಿನ ಒಳಗೆ. ಜೋಮು ಬಿಡುವಾಗ ಮೊದಲು ಸೂಜಿ ಚುಚ್ಚಿದ ಹಾಗಾಗುತ್ತದೆ. ಬೆರಳ ತುದಿಯಿಂದ ಶುರುವಾಗಿ ಮೊಣಕೈ ತನಕ ಚುಚ್ಚುತ್ತ ಬಂತು. ಅವಳಿಗೆ ಭಯವಾಯಿತು. ತಮ್ಮ ಸತ್ತ ಮೇಲೆ ಅವಳಿಗೆ ನಿಜವಾಗಿ ಏನಾದರೂ ಆದದ್ದು ಅದೇ ಮೊದಲು.

“ಯಾರೋ. ನನಗೆ ಗೊತ್ತಿಲ್ಲ,” ಅಂದಳು. “ಹೋಗೋಣ ರೀ, ಅಮ್ಮ ಒಬ್ಬಳೇ ಇದ್ದಾಳೆ.”

ಅಷ್ಟರಲ್ಲಿ ಅಂಗಡಿಯ ಬಾಗಿಲು ತೆರೆಯಿತು. ನೀಲಿ ಶರ್ಟಿನವನು ಮೆಟ್ಟಿಲಿಳಿದು ಕಾರಿನ ಕಡೆಗೇ ಬರುತ್ತಿದ್ದ. ಕೈಯಲ್ಲಿ ಅವಳು ನಲ್ಲಿಯ ಹತ್ತಿರ ಬಿಟ್ಟುಬಂದ ಪರ್ಸು. “ಅಕ್ಕ, ಮರೆತುಬಿಟ್ರಿ,” ಅಂತ ಅದನ್ನು ಎತ್ತಿ ತೋರಿಸಿದ.

ಅವಳು ಬೇಡವೆಂದು ತಲೆಯಾಡಿಸಿದಳು. ಅವನಿಗೆ ಅದು ಕಾಣಲಿಲ್ಲ. ಎಡಕ್ಕೂ ನೋಡದೆ ಬಲಕ್ಕೂ ನೋಡದೆ ರಸ್ತೆಗೆ ಕಾಲಿಟ್ಟ. ತಿರುವಿನಿಂದ ಒಂದು ಲಾರಿ ಬರುತ್ತಿತ್ತು.

ಗಂಡ ಕಿಟಕಿಯ ಗಾಜು ಇಳಿಸಿ, ಕೈ ಹೊರಗೆ ಚಾಚಿ ಕೂಗಿದ. “ತಾಳಪ್ಪ, ತಾಳು.”

ಅವನು ತಟ್ಟನೆ ನಿಂತ. ಲಾರಿ ಅವನ ಮುಂದೆಯೇ ಹಾದುಹೋಯಿತು. ರಸ್ತೆ ಖಾಲಿಯಾಯಿತು.

ನೀಲಿ ಶರ್ಟಿನವನು ಪರ್ಸು ಹಿಡಿದುಕೊಂಡು ಅಲ್ಲೇ ನಿಂತಿದ್ದ. ಅವನು ಅಕ್ಕನನ್ನು ನೋಡುತ್ತಿರಲಿಲ್ಲ.